ಕೌಂಟರ್ ಬಿಟ್ಟು ಬರಲಾಗದವರನ್ನೇ ಕಳಿಸಿ

ನಗರಸಭೆ, ಪುರಸಭೆ ಸಿಬ್ಬಂದಿಯ ತರಬೇತಿಯಲ್ಲಿ ಮೊದಲ ದಿನ ಹಾಜರಿ ಮುಗಿದ ಕೂಡಲೇ ನಾನು ಕೇಳುವ ಪ್ರಶ್ನೆ ಒಂದೇ. "ನಿನ್ನೆ ಕಚೇರಿಯಲ್ಲಿ ಏನು ಕೆಲಸ ಮಾಡಿದ್ರಿ?" ಹುದ್ದೆ ಯಾವುದು ಅಂತ ಕೇಳುವುದಿಲ್ಲ. ಅದು ಹಾಜರಿ ಪಟ್ಟಿಯಲ್ಲೇ ಇರುತ್ತದೆ.

ಕೊಪ್ಪಳದಲ್ಲಿ ಖಾತಾ ಮತ್ತು ಆಸ್ತಿ ತೆರಿಗೆ ಬಗ್ಗೆ ಎರಡು ದಿನದ ತರಬೇತಿ ಇತ್ತು. ಮುಂದಿನ ಸಾಲಿನಲ್ಲಿದ್ದ ಹಿರಿಯರು ಎದ್ದು ನಿಂತು, "ನಾ ಜನನ-ಮರಣ ನೋಡ್ತೀನ್ರೀ ಮೇಡಂ" ಅಂದರು. ಅವರ ಪಕ್ಕದವರು ಟಪಾಲು. ಅವರ ಹಿಂದೆ ಕೂತವರಿಗೆ ನಿವೃತ್ತಿಗೆ ನಾಲ್ಕೇ ತಿಂಗಳು. ಇನ್ನೊಬ್ಬ ಹುಡುಗ ತಲೆ ತಗ್ಗಿಸಿ, "ನಾ ನಮ್ಮ ಸರ್ ಬದ್ಲಿ ಬಂದೀನ್ರೀ" ಅಂದ. ಇಪ್ಪತ್ತೆಂಟು ಜನರಲ್ಲಿ ಹಿಂದಿನ ದಿನ ಒಂದಾದರೂ ಖಾತಾ ಅರ್ಜಿ ಕೈಯಲ್ಲಿ ಹಿಡಿದವರು ಐದು ಜನ.

ಬಂದವರ ಮೇಲೆ ನನಗೆ ಸಿಟ್ಟಿಲ್ಲ. ಕಚೇರಿ ಕಳಿಸಿತು, ಅವರು ಬಂದರು. ಜನನ-ಮರಣದ ಆ ಹಿರಿಯರು ಎರಡು ದಿನ ಶ್ರದ್ಧೆಯಿಂದ ನೋಟ್ಸ್ ಬರೆದುಕೊಂಡರು. 21 ದಿನದೊಳಗಿನ ನೋಂದಣಿ, ತಡವಾದರೆ ಏನು, ಎಲ್ಲ ಅವರಿಗೆ ಬಾಯಿಪಾಠ. ಅದರ ಬಗ್ಗೆ ಅವರೇ ನನಗೆ ಪಾಠ ಹೇಳಬಲ್ಲರು. ಅಂಥವರನ್ನು ಖಾತಾ ತರಬೇತಿಗೆ ಕೂರಿಸಿದರೆ ಯಾರಿಗೆ ಲಾಭ?

ನಗರಸಭೆ, ಪುರಸಭೆ ಸಿಬ್ಬಂದಿಗೆ ತರಬೇತಿ ಕೊಡಲು ಶುರು ಮಾಡಿ ಹನ್ನೊಂದು ವರ್ಷ ಆಯಿತು. ಅದಕ್ಕೂ ಮುಂಚೆ ನಾನೂ ಕಂದಾಯ ಶಾಖೆಯಲ್ಲಿ ಕೂತವಳು. ಹಾಗಾಗಿ ಹೆಸರು ಹೇಗೆ ಆರಿಸುತ್ತಾರೆ ಅಂತ ಗೊತ್ತು. ಮೇಲಿನಿಂದ ಪತ್ರ ಬರುತ್ತದೆ: ಇಬ್ಬರನ್ನು ನಿಯೋಜಿಸಿ. ಸಾಹೇಬರು ಪತ್ರದ ಮೇಲೆ ಶರಾ ಬರೆದು ಸಿಬ್ಬಂದಿ ಶಾಖೆಗೆ ಕಳಿಸುತ್ತಾರೆ. ಅಲ್ಲಿಯ ಗುಮಾಸ್ತರು ಸುತ್ತ ನೋಡುತ್ತಾರೆ. ಯಾರು ಹೋದರೆ ಕೆಲಸ ನಿಲ್ಲುವುದಿಲ್ಲವೋ ಅವರ ಹೆಸರು ಬರೆಯುತ್ತಾರೆ. ಆದೇಶ ತಯಾರು.

ಹೀಗೆ ಆರಿಸಬೇಡಿ. ಯಾರು ಎರಡು ದಿನ ಇಲ್ಲದಿದ್ದರೆ ನಿಮ್ಮ ಕಚೇರಿಯಲ್ಲಿ ಒಂದು ಕೆಲಸ ನಿಂತುಹೋಗುತ್ತದೋ, ಅವರನ್ನೇ ಕಳಿಸಿ. ಪ್ರತಿ ಸಲ ಇದನ್ನು ಹೇಳುತ್ತೇನೆ. ಪ್ರತಿ ಸಲ ಒಂದೇ ಉತ್ತರ: "ಅವರ್ನ ಕಳಿಸಿದ್ರ ಕೌಂಟರ್ ಯಾರ್ ನೋಡ್ಬೇಕ್ರೀ?"

ಪ್ರಶ್ನೆ ಸರಿಯಾಗಿದೆ. ನಮ್ಮ ಕಡೆ ಖಾಲಿ ಹುದ್ದೆ ಎಷ್ಟಿವೆ, ಒಬ್ಬರ ತಲೆ ಮೇಲೆ ಎಷ್ಟು ಪ್ರಭಾರ ಇದೆ ಅನ್ನೋದು ಒಳಗಿದ್ದವರಿಗೆ ಗೊತ್ತು. 74ನೇ ತಿದ್ದುಪಡಿ 1993ರ ಜೂನ್‌ನಲ್ಲಿ ಜಾರಿಗೆ ಬಂದಾಗ ಸಂವಿಧಾನದ ಹನ್ನೆರಡನೇ ಪರಿಶಿಷ್ಟದಲ್ಲಿ ನಗರಸಭೆ, ಪುರಸಭೆಯಂಥ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯ ಸೇರಿದವು. ಕುಡಿಯುವ ನೀರಿನಿಂದ ಹಿಡಿದು ಸ್ಮಶಾನದವರೆಗೆ. ಅಷ್ಟನ್ನೂ ಸಣ್ಣ ಪಟ್ಟಣದಲ್ಲಿ ಬೆರಳೆಣಿಕೆಯ ಜನ ಹೊತ್ತಿರುತ್ತಾರೆ. ಆದರೂ ಒಂದು ಮಾತು. ಯಾರ ಬಗ್ಗೆ ನೀವು "ಅವರನ್ನು ಬಿಡೋಕಾಗಲ್ಲ" ಅನ್ನುತ್ತೀರೋ, ಜನ ದಿನಾ ಬಂದು ನಿಲ್ಲುವುದು ಅವರ ಮುಂದೆಯೇ ಅಲ್ವಾ? ಯಾವ ದಾಖಲೆ ಬೇಕು ಅಂತ ಅವರು ಮೊದಲ ದಿನವೇ ಸರಿಯಾಗಿ ಹೇಳಿದರೆ ಅರ್ಜಿದಾರ ಒಂದೇ ಸಲ ಬಂದು ಹೋಗುತ್ತಾನೆ. ತಪ್ಪು ಹೇಳಿದರೆ ಹಳ್ಳದ ಹೊಲ ಬಿಟ್ಟು, ಕೂಲಿ ಕಳೆದುಕೊಂಡು ನಾಲ್ಕು ಸಲ ಓಡಾಡುತ್ತಾನೆ. ಸೇವೆಯನ್ನು ಗೊತ್ತಾದ ದಿನದೊಳಗೆ ಕೊಡಬೇಕು ಅನ್ನುವ 'ಸಕಾಲ' ಕಾಯ್ದೆಯಲ್ಲಿ ತಡವಾದ ಪ್ರತಿ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಇದೆ. ಕೇಳಿ ಪಡೆದವರನ್ನು ನಾನು ಕಂಡಿದ್ದು ಕಡಿಮೆ. ಜನ ಸುಮ್ನೆ ಮತ್ತೆ ಬರುತ್ತಾರೆ.

ಇನ್ನೊಂದು ವಿಷಯ ಬಿಡಿಸಿ ಹೇಳಬೇಕು. ಕೆಲಸ ಮಾಡುವವರು ಅಂದಾಗ ಕಾಯಂ ನೌಕರರ ಪಟ್ಟಿ ಒಂದನ್ನೇ ತೆರೆಯಬೇಡಿ. ಎಷ್ಟೋ ಕಚೇರಿಗಳಲ್ಲಿ ಕಂಪ್ಯೂಟರ್ ಮುಂದೆ ಕೂತು ಎಂಟ್ರಿ ಮಾಡುವವರು ಹೊರಗುತ್ತಿಗೆಯ ಆಪರೇಟರ್. ಲಾಗಿನ್ ಸಾಹೇಬರದ್ದು, ಬೆರಳು ಆಪರೇಟರ್‌ದು. ಆದೇಶದಲ್ಲಿ ಹೆಸರು ಬರುವುದು ಕಡತ ನೋಡುವ ವಿಷಯ ನಿರ್ವಾಹಕರದ್ದು. ಅವರು ಬಂದು ಪರದೆ ನೋಡಿ ಹೋಗುತ್ತಾರೆ, ಊರಿಗೆ ಹೋಗಿ ಆಪರೇಟರ್‌ಗೆ ಬಾಯಲ್ಲಿ ಹೇಳುತ್ತಾರೆ, ಅರ್ಧ ದಾರಿಯಲ್ಲೇ ಸೋರಿಹೋಗುತ್ತದೆ. ಹೊರಗುತ್ತಿಗೆಯವರನ್ನು ಕರೆಸಲು, ಅವರಿಗೆ ಪ್ರಯಾಣ ಭತ್ಯೆ ಕೊಡಲು ನಿಮ್ಮಲ್ಲಿ ಅವಕಾಶ ಇದೆಯೋ ಇಲ್ಲವೋ ಲೆಕ್ಕ ಶಾಖೆಯಲ್ಲಿ ಕೇಳಿಕೊಳ್ಳಿ, ಅದರ ಬಗ್ಗೆ ನಾನು ಭರವಸೆ ಕೊಡಲಾರೆ. ಆದರೆ ಕೇಳದೇ ಹೆಸರು ಬಿಡಬೇಡಿ.

ಊರಿಗೆ ನೀರು ಬಿಡುವ ವಾಲ್ವ್‌ಮನ್ ಒಬ್ಬರ ಕಥೆ ಹೇಳಬೇಕು. 2022ರ ಬೇಸಿಗೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡರು. ನಮ್ಮ ಭಾಗದಲ್ಲಿ ಅದನ್ನು ಯಾರೂ ಮರೆತಿಲ್ಲ. ಆಮೇಲೆ ಕುಡಿಯುವ ನೀರಿನ ತರಬೇತಿ ಅಂದರೆ ನನಗೆ ಉಳಿದ ತರಬೇತಿಗಳಂತೆ ಅಲ್ಲ. ಅಂಥದ್ದೊಂದಕ್ಕೆ ಒಂದು ಪಟ್ಟಣದಿಂದ ಇಂಜಿನಿಯರ್ ಬರಬೇಕಿತ್ತು. ಅವರಿಗೆ ಅದೇ ದಿನ ಮೀಟಿಂಗ್. ಬದಲಿಗೆ ವಾಲ್ವ್‌ಮನ್ ಒಬ್ಬರನ್ನು ಕಳಿಸಿದ್ದರು. ಐವತ್ತರ ಆಸುಪಾಸು, ಹೆಗಲ ಮೇಲೆ ಟವೆಲ್. ಕುರ್ಚಿ ಖಾಲಿ ಇದ್ದರೂ ಬಾಗಿಲ ಹತ್ತಿರವೇ ನಿಂತಿದ್ದರು. "ಬರ್ರೀ ಅಣ್ಣಾರ, ಇಲ್ಲಿ ಕುಂದರ್ರಿ" ಅಂತ ಮುಂದೆ ಕರೆದು ಕೂರಿಸಿದೆ.

ಕ್ಲೋರಿನ್ ಪರೀಕ್ಷೆ ಮಾಡಿಸುವಾಗ ಗಾಜಿನ ನಳಿಕೆ ಅವರ ಕೈಗೆ ಕೊಟ್ಟೆ. ನೀರು ತುಂಬಿ, ದ್ರಾವಣದ ಹನಿ ಹಾಕಿ, ಬಣ್ಣ ನೋಡುವುದು. ಕ್ಲೋರಿನ್ ಇದ್ದರೆ ಹಳದಿಗೆ ತಿರುಗುತ್ತದೆ. ಪಟ್ಟಿಯ ಬಣ್ಣಕ್ಕೆ ಹಿಡಿದು ನೋಡಿದರೆ ಎಷ್ಟಿದೆ ಅಂತ ಗೊತ್ತಾಗುತ್ತದೆ. ಕೊನೆಯ ಮನೆಯ ನಳದಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಅವರು ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, "ನಮ್ಮೂರಾಗ ಟಾಕಿ ಹತ್ರ ಬಣ್ಣ ಬರತೈತ್ರೀ ಅಕ್ಕಾರ. ಕಡೀ ಓಣ್ಯಾಗ ಬರಂಗಿಲ್ಲ. ಪೌಡರ್ ಅಂತೂ ದಿನಾ ಹಾಕ್ತೀನಿ" ಅಂದರು.

ಪೌಡರ್ ಎಲ್ಲಿ ಇಡ್ತೀರಿ ಅಂತ ಕೇಳಿದೆ. ಪಂಪ್‌ಹೌಸ್ ಪಕ್ಕದ ತಗಡಿನ ಶೆಡ್. ಚೀಲದ ಬಾಯಿ ಬಿಚ್ಚಿಯೇ ಇರುತ್ತದೆ.

ರಾಯಚೂರು ಜಿಲ್ಲೆಯ ಬಿಸಿಲು, ಅದರ ಮೇಲೆ ತಗಡು. ಒಳ್ಳೆಯ ಬ್ಲೀಚಿಂಗ್ ಪೌಡರ್‌ನಲ್ಲಿ ನೂರಕ್ಕೆ ಸುಮಾರು 33 ಭಾಗ ಕ್ಲೋರಿನ್ ಇರುತ್ತದೆ. ಗಾಳಿ, ಬಿಸಿ, ತೇವ ತಾಗಿದಷ್ಟೂ ಅದು ಹಾರಿಹೋಗುತ್ತದೆ. ನೋಡಲು ಪೌಡರ್ ಹಾಗೇ ಬಿಳಿಯಾಗಿರುತ್ತದೆ, ಒಳಗಿನ ಶಕ್ತಿ ಹೋಗಿರುತ್ತದೆ. ಸಾವಿರ ಲೀಟರಿಗೆ 2.5 ಗ್ರಾಂ ಲೆಕ್ಕ ಅಂದರೆ ಹತ್ತು ಸಾವಿರ ಲೀಟರ್ ಟ್ಯಾಂಕಿಗೆ 25 ಗ್ರಾಂ. ಪೌಡರ್ ಸರಿ ಇದ್ದರೆ ಲೀಟರಿಗೆ 0.8 ಮಿಲಿಗ್ರಾಂ ಹತ್ತಿರ ಸಿಗುತ್ತದೆ. ಶಕ್ತಿ ಅರ್ಧ ಆಗಿದ್ದರೆ ಅದೇ 25 ಗ್ರಾಂ ಹಾಕಿದರೂ ಸಿಗುವುದು ಅರ್ಧ. ಅದೂ ಪೈಪಿನ ಕೊಳೆಗೆ ಖರ್ಚಾಗಿ ಕಡೇ ಓಣಿಗೆ ಏನೂ ಉಳಿಯುವುದಿಲ್ಲ. ಎಷ್ಟು ಹಾಕಬೇಕು ಅನ್ನೋದು ನಿಮ್ಮ ನೀರಿನ ಮೇಲೆ, ಪೌಡರ್ ಮೇಲೆ ಬದಲಾಗುತ್ತದೆ. ಈ ಅಂಕಣ ಓದಿ ಯಾರೂ ಅಳತೆ ಹೆಚ್ಚು ಕಡಿಮೆ ಮಾಡಬೇಡಿ, ಇಂಜಿನಿಯರ್ ಹತ್ತಿರ ಪರೀಕ್ಷೆ ಮಾಡಿಸಿ.

ಇದನ್ನೆಲ್ಲ ಬೋರ್ಡಿನ ಮೇಲೆ ಬರೆದು ಹೇಳುವಾಗ ಅವರು ಕಣ್ಣು ಮಿಟುಕಿಸದೆ ಕೇಳಿದರು. ಹತ್ತು ದಿನ ಬಿಟ್ಟು ಫೋನ್ ಮಾಡಿದರು. ಚೀಲಗಳನ್ನು ಒಳಗಿನ ಕೋಣೆಗೆ ಹಾಕಿದ್ದರು. ಮುಚ್ಚಳ ಇರುವ ಎರಡು ಡ್ರಮ್ ಕೇಳಿ ಪಡೆದಿದ್ದರು. "ಕಡೀ ಓಣ್ಯಾಗ ಹಳದಿ ಬಂತ್ರೀ ಅಕ್ಕಾರ" ಅಂದರು. ಆ ದಿನ ನಾನು ಬಳ್ಳಾರಿ ಸ್ಟೇಷನ್ನಿನಲ್ಲಿ ಮೈಸೂರಿಗೆ ಹಂಪಿ ಎಕ್ಸ್‌ಪ್ರೆಸ್ ಕಾಯುತ್ತಿದ್ದೆ. ಕಣ್ಣು ತುಂಬಿ ಬಂತು. ಅವತ್ತು ಅವರು ಬಂದದ್ದು ಆಕಸ್ಮಿಕ. ಇಂಜಿನಿಯರ್ ಬಂದಿದ್ದರೆ ಅವರಿಗೆ 0.2 ಮೊದಲೇ ಗೊತ್ತಿರುತ್ತಿತ್ತು. ಚೀಲದ ಬಾಯಿ ಮಾತ್ರ ಬಿಚ್ಚಿಯೇ ಇರುತ್ತಿತ್ತು.

ಸರಿಯಾದವರು ಬಂದು ಕಲಿತು ಹೋದ ಮೇಲೂ ಕೆಲಸ ಕೆಡುವುದುಂಟು. ತೆರಿಗೆ ಲೆಕ್ಕ ಚೆನ್ನಾಗಿ ಕಲಿತ ಹುಡುಗಿಯೊಬ್ಬಳು ವಾಪಸ್ ಹೋದ ವಾರವೇ ಟಪಾಲಿಗೆ ಬದಲಾದಳು. ವರ್ಗಾವಣೆ ಎಲ್ಲವೂ ಕಚೇರಿಯ ಕೈಯಲ್ಲಿ ಇರುವುದಿಲ್ಲ, ಒಪ್ಪುತ್ತೇನೆ. ಗಂಗಾವತಿಯ ನಗರಸಭೆಯಿಂದ ಬಳ್ಳಾರಿಯ ಪಾಲಿಕೆಗೆ ಹೋದರೆ ಕಾಯ್ದೆಯೇ ಬದಲಾಗುತ್ತದೆ. ನಗರಸಭೆಗೆ 1964ರ ಪುರಸಭೆಗಳ ಅಧಿನಿಯಮ, ಪಾಲಿಕೆಗೆ 1976ರ ಮಹಾನಗರ ಪಾಲಿಕೆಗಳ ಅಧಿನಿಯಮ. ಹಳೇ ರೂಢಿಯಲ್ಲಿ ಹಳೇ ಕಲಂ ಹಾಕಿ ನೋಟಿಸ್ ಕಳಿಸಿದವರಿದ್ದಾರೆ. ಆದರೆ ಒಂದೇ ಕಟ್ಟಡದೊಳಗೆ ಟೇಬಲ್ ಬದಲಿಸುವುದು ಸಾಹೇಬರ ಕೈಯಲ್ಲೇ ಇದೆ. ಕಲಿತು ಬಂದವರನ್ನು ಆರು ತಿಂಗಳಾದರೂ ಅದೇ ಟೇಬಲ್ಲಿನಲ್ಲಿ ಬಿಡಿ. ಬಂದ ಮರುದಿನ ಅರ್ಧ ಗಂಟೆ ಕರೆದು ಕೂರಿಸಿ, ಏನು ಕಲಿತೆ, ಯಾವುದನ್ನು ಬದಲಿಸಬೇಕು ಅಂತ ಕೇಳಿ.

ನಮ್ಮ ಕಡೆಯಿಂದಲೂ ತಪ್ಪು ಆಗುತ್ತದೆ. ಏಪ್ರಿಲ್‌ನಲ್ಲಿ ಬಿಲ್ ಕಲೆಕ್ಟರ್‌ಗಳನ್ನು ಕರೆದರೆ ಯಾರು ಬರುತ್ತಾರೆ? ಆ ತಿಂಗಳು ಆಸ್ತಿ ತೆರಿಗೆಗೆ ಶೇಕಡಾ 5 ರಿಯಾಯಿತಿ, ಜನ ಸಾಲುಗಟ್ಟಿ ನಿಂತಿರುತ್ತಾರೆ. ಮಾರ್ಚ್‌ನಲ್ಲಿ ಲೆಕ್ಕ ಶಾಖೆಯವರನ್ನು ಕರೆಯಬಾರದು. ಕಾಲುವೆ ನಿಂತು ಕೆರೆ ತಳ ಕಾಣುವ ಹೊತ್ತಿಗೆ ನೀರಿನವರನ್ನು ಕರೆಯಬಾರದು. ವೇಳಾಪಟ್ಟಿ ಮಾಡುವವರಿಗೆ ಇದನ್ನು ಹೇಳಿ ಹೇಳಿ ಈಗ ಸ್ವಲ್ಪ ಕೇಳುತ್ತಿದ್ದಾರೆ. 2020ರಲ್ಲಿ ಸರ್ಕಾರಿ ನೌಕರರ ತರಬೇತಿಗೆ ಕೇಂದ್ರದ ಮಿಷನ್ ಕರ್ಮಯೋಗಿ ಶುರುವಾದ ಮೇಲೆ ಮೊಬೈಲಿನಲ್ಲೇ ಪಾಠ ನೋಡುವ ಅನುಕೂಲ ಬಂದಿದೆ. ಊರು ಬಿಡಲಾಗದ ಹೆಣ್ಣುಮಕ್ಕಳಿಗೆ ಅದು ನಿಜಕ್ಕೂ ಒಳ್ಳೆಯದು. ನಳಿಕೆ ಹಿಡಿಸಿ ಬಣ್ಣ ತೋರಿಸುವುದಕ್ಕೆ ಮಾತ್ರ ಎದುರಿಗೆ ಬರಲೇಬೇಕು.

ಮುಂದಿನ ವಾರ ಮತ್ತೆ ಖಾತಾ ಬ್ಯಾಚ್ ಇದೆ. ಮೊನ್ನೆ ಒಬ್ಬಳು ಆಪರೇಟರ್ ಫೋನ್ ಮಾಡಿದಳು. "ಮೇಡಂ, ಎಂಟ್ರಿ ಎಲ್ಲಾ ನಾನ ಮಾಡೂದು. ಆರ್ಡರಿನ್ಯಾಗ ನನ್ನ ಹೆಸರಿಲ್ಲ. ಬರಬಹುದೇನ್ರೀ?" ನಿಮ್ಮ ಸಾಹೇಬರ ಹತ್ತಿರ ಒಂದು ಪತ್ರ ಬರೆಸಿಕೊಂಡು ಬಾರವ್ವ, ಕುರ್ಚಿ ನಾನು ಹಾಕಿಸ್ತೀನಿ ಅಂದೆ. ಬರುವಾಗ ತಿರಸ್ಕಾರ ಆಗಿ ವಾಪಸ್ ಬಂದ ಮೂರು ಅರ್ಜಿಗಳ ಜೆರಾಕ್ಸ್ ತರಲು ಹೇಳಿದ್ದೇನೆ. ಮೊದಲ ದಿನದ ಪಾಠ ಅವುಗಳಿಂದಲೇ ಶುರು ಮಾಡುತ್ತೇನೆ.