ಹಲಸಿನ ಮರ ಹತ್ತಿದ ಹೇಂಟೆ

ಬ್ರಹ್ಮಾವರದ ನಮ್ಮ ಅಂಗಳದಲ್ಲಿ ಊಟದ ಹೊತ್ತಿಗೆ ಹುಂಜ ಒಮ್ಮೊಮ್ಮೆ ಸಣ್ಣಗೆ, ಎಳೆದ ಹಾಗೆ, ಸೀಟಿಯಂಥ ದನಿ ತೆಗೆಯುತ್ತದೆ. ಕೇಳಿದ್ದೇ ತಡ, ಹೇಂಟೆಗಳೆಲ್ಲ ಕ್ರೋಟನ್ ಗಿಡದ ಬುಡಕ್ಕೆ ಓಡಿ ನೆಲಕ್ಕಂಟಿ ಕೂತುಬಿಡುತ್ತವೆ. ಮೇಲೆ ನೋಡಿದರೆ ತೆಂಗಿನ ತಲೆಗಳ ಆಚೆ ಹದ್ದು ಸುತ್ತುತ್ತಿರುತ್ತದೆ. ಅದೇ ಹುಂಜ ಬೇಲಿಸಂದಿಯಲ್ಲಿ ಮುಂಗುಸಿ ಕಂಡರೆ ಕೊಕ್ ಕೊಕ್ ಕೊಕಾಕ್ ಎಂದು ಆಚೆಮನೆಗೂ ಕೇಳುವಂತೆ ಗಲಾಟೆ ಎಬ್ಬಿಸುತ್ತದೆ. ಆಗ ಹೇಂಟೆಗಳು ಅಡಗುವುದಿಲ್ಲ, ಕತ್ತು ನಿಗುರಿಸಿ ನಿಂತು ಸುತ್ತ ನೋಡುತ್ತವೆ.

ಇದು ನನ್ನ ಕಲ್ಪನೆಯಲ್ಲ. ಪ್ರಾಣಿಗಳ ನಡವಳಿಕೆ ಅಭ್ಯಸಿಸುವ ವಿಜ್ಞಾನಿಗಳಾದ ಕ್ರಿಸ್ ಇವಾನ್ಸ್, ಪೀಟರ್ ಮಾರ್ಲರ್ ಮತ್ತು ಜತೆಗಾರರು ಈ ಎರಡು ದನಿಗಳನ್ನು ಧ್ವನಿಮುದ್ರಿಸಿ, ಯಾವ ಶತ್ರುವೂ ಇಲ್ಲದ ಕಡೆ ಹೇಂಟೆಗಳಿಗೆ ಕೇಳಿಸಿದರು. ಆಕಾಶದ ಕೂಗಿಗೆ ಅವು ಅವಿತವು, ನೆಲದ ಕೂಗಿಗೆ ನೆಟ್ಟಗೆ ನಿಂತವು. ಬರೀ ಹೆದರಿಕೆಯ ಸದ್ದಲ್ಲ ಅದು, ಸುದ್ದಿಯೂ ಹೌದು ಎಂದು 1993ರಲ್ಲಿ ಬರೆದರು. ಸೀಟಿಯಂಥ ದನಿ ಮೆಲ್ಲಗೆ ಹುಟ್ಟಿ ಮೆಲ್ಲಗೆ ಮುಗಿಯುವುದರಿಂದ ಎಲ್ಲಿಂದ ಬಂತೆಂದು ಪತ್ತೆ ಮಾಡುವುದು ಕಷ್ಟ. ಹತ್ತಿರ ಹೇಂಟೆಗಳಿಲ್ಲದಿದ್ದರೆ ಹುಂಜ ಈ ಕೂಗನ್ನು ಹಾಕುವುದೂ ಕಡಿಮೆಯಂತೆ. ಒಬ್ಬನೇ ಇದ್ದಾಗ ಶೌರ್ಯ ಯಾರಿಗೆ ತೋರಿಸುವುದು!

ಕಣ್ಣಿನದು ಇನ್ನೂ ಸೋಜಿಗ. ಮೊಟ್ಟೆಯೊಳಗೆ ಮರಿ ಕೊನೆಯ ದಿನಗಳಲ್ಲಿ ಮುದುಡಿ ಮಲಗುವ ಭಂಗಿಯಲ್ಲಿ ಬಲಗಣ್ಣು ಚಿಪ್ಪಿನ ಕಡೆಗಿರುತ್ತದೆ, ಎಡಗಣ್ಣು ಮೈಗೆ ಒತ್ತಿಕೊಂಡಿರುತ್ತದೆ. ಕಾವು ಕೂತ ತಾಯಿ ಮೇವಿಗೆ ಎದ್ದಾಗ ಚಿಪ್ಪು ದಾಟಿ ಬರುವ ಬೆಳಕು ಬಲಗಣ್ಣಿಗೇ ಹೆಚ್ಚು ಬೀಳುತ್ತದೆ. ಇದರಿಂದ ಮಿದುಳಿನ ಎರಡು ಹೋಳುಗಳು ಕೆಲಸ ಹಂಚಿಕೊಳ್ಳುತ್ತವೆ: ಬಲಗಣ್ಣು ಕಾಳು ಆರಿಸುವುದಕ್ಕೆ, ಎಡಗಣ್ಣು ಕಾವಲಿಗೆ. ವಿಜ್ಞಾನಿ ಲೆಸ್ಲಿ ರೋಜರ್ಸ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದ್ದು ಇದನ್ನೇ. ಮೊಟ್ಟೆಯಲ್ಲಿ ಬೆಳಕು ಕಂಡ ಮರಿಗಳು ಕಲ್ಲಿನ ನಡುವೆ ಕಾಳು ಹೆಕ್ಕುತ್ತಲೇ ಮೇಲೆ ಹಾರುವ ಹದ್ದಿನ ಆಕೃತಿಯನ್ನೂ ಗಮನಿಸಿದವು. ಕತ್ತಲಲ್ಲೇ ಬೆಳೆದವು ಎರಡನ್ನೂ ಒಟ್ಟಿಗೆ ನಿಭಾಯಿಸಲಾರದೆ ಗಲಿಬಿಲಿಗೊಂಡವು.

ಹೀಗೆ ಹಗಲಿನ ಪಹರೆ ಕೋಳಿಯದೇ. ನಮ್ಮ ಪಾಲಿಗೆ ಬರುವುದು ಅಡಗಲು ಒಂದಿಷ್ಟು ಪೊದೆ, ಮರಿಗಳಿದ್ದರೆ ಮಲ್ಪೆ ಕಡೆಯಿಂದ ತಂದ ಹಳೆ ಮೀನುಬಲೆಯ ಚಪ್ಪರ. ಬೆಳೆದ ಹೇಂಟೆಯನ್ನು ನಮ್ಮ ಹದ್ದು ಎತ್ತಿಕೊಂಡು ಹೋದದ್ದು ನಾನಂತೂ ಕಂಡಿಲ್ಲ. ಮರಿ ಕದಿಯುವುದರಲ್ಲಿ ಕಾಗೆಯೂ ಏನು ಕಡಿಮೆಯಲ್ಲ.

ಕತ್ತಲಾದ ಮೇಲೆ ಕತೆ ಬೇರೆ. ಕೋಳಿಯ ಕಣ್ಣು ಬಣ್ಣಗಳಿಗೆ ಚುರುಕು, ಮಬ್ಬಿಗೆ ಮಂದ. ಕಾಡಿನಲ್ಲಿ ಅದರ ಪೂರ್ವಜರು ಮುಸ್ಸಂಜೆಗೇ ಮರ ಹತ್ತಿ ರಾತ್ರಿಯನ್ನು ದಾಟಿಸುತ್ತಿದ್ದವು. ಮೂಲ ಪೂರ್ವಜ ಕೆಂಪು ಕಾಡುಕೋಳಿಯಾದರೂ, ಹಳದಿ ಕಾಲಿನ ಗುಣ ಬಂದದ್ದು ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ಗೊತ್ತಾಯಿತು. ಆ ಬೂದು ಕಾಡುಕೋಳಿ ನಮ್ಮ ಸೋಮೇಶ್ವರ, ಆಗುಂಬೆ ಘಾಟಿಯದ್ದೇ, ಈಗಲೂ ಮರದಲ್ಲೇ ಮಲಗುತ್ತದೆ. ಅಂಗಳದ ಕೋಳಿಯಿಂದ ಆ ಕೊಂಬೆಯನ್ನು ಕಿತ್ತುಕೊಂಡು ಪೆಟ್ಟಿಗೆ ಕೊಟ್ಟವರು ನಾವು. ಪೆಟ್ಟಿಗೆಯಲ್ಲಿ ಒಂದು ತೂತಿದ್ದರೆ ಅದು ಕೊಂಬೆಗಿಂತ ಕಡೆ.

ಕಳೆದ ಆಟಿಯಲ್ಲಿ, ಅಂದರೆ ಜಡಿಮಳೆಯ ತುಳು ತಿಂಗಳಲ್ಲಿ, ನಮಗೆ ಅದು ತಿಳಿಯಿತು. ಗೂಡಿನ ಚಿಲಕ ಹಾಕಿದ ಹಾಗೇ ಇತ್ತು. ಒಳಗೆ ಐದು ಹೇಂಟೆ ಸತ್ತಿದ್ದವು, ತಿಂದದ್ದು ಅರ್ಧ ಮಾತ್ರ. ಕುತ್ತಿಗೆಯ ಹತ್ತಿರ ಸಣ್ಣ ಹಲ್ಲಿನ ಗುರುತು. ಮುಂಗುಸಿ ಹಗಲಿನದ್ದು, ಹಾಗಾಗಿ ಇದು ಪುನುಗು ಬೆಕ್ಕೇ ಇರಬೇಕು. ಹಿಕ್ಕೆ, ಮಳೆನೀರು ಸೇರಿ ಹಿಂಬದಿಯ ಹಲಗೆಯ ಬುಡ ಕುಂಬಾಗಿತ್ತು. ಬೆರಳು ಒತ್ತಿದರೆ ನೆನೆದ ರಸ್ಕಿನ ಹಾಗೆ ಉದುರಿತು. ನಾಲ್ಕು ಬೆರಳಿನ ಸಂದಿ, ಅಷ್ಟೇ. ಮಳೆಯ ಸದ್ದಿನಲ್ಲಿ ಯಾರಿಗೂ ಎಚ್ಚರವಾಗಿರಲಿಲ್ಲ.

ತಿನ್ನದೆ ಯಾಕೆ ಕೊಂದಿತು ಎಂದು ಅಮ್ಮ ನಾಲ್ಕು ದಿನ ಬೈದಳು. ಪ್ರಾಣಿಶಾಸ್ತ್ರಜ್ಞ ಹ್ಯಾನ್ಸ್ ಕ್ರೂಕ್ 1972ರಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡಿದ್ದರು. ಬೇಟೆಪ್ರಾಣಿಗೆ ಹೊಟ್ಟೆ ತುಂಬಿದರೆ ಹುಡುಕುವ ಆಸೆ ಇಂಗುತ್ತದೆ, ಆದರೆ ಕಣ್ಣೆದುರು ಒದ್ದಾಡುವುದನ್ನು ಕಚ್ಚುವ ಚಾಳಿ ಇಂಗುವುದಿಲ್ಲ. ಕಾಡಿನಲ್ಲಿ ಒಂದು ಹಕ್ಕಿ ಸಿಕ್ಕರೆ ಉಳಿದವು ಹಾರಿ ಪಾರಾಗುತ್ತವೆ, ಕೊಲ್ಲುವುದು ತಾನಾಗಿ ನಿಲ್ಲುತ್ತದೆ. ಗೂಡಿನಲ್ಲಿ ಹಾರಲು ಎಲ್ಲಿ ಜಾಗ? ರೆಕ್ಕೆ ಬಡಿದಷ್ಟೂ ಕಚ್ಚುತ್ತ ಹೋಗುತ್ತದೆ.

ಆ ಲೆಕ್ಕದಲ್ಲಿ ಹೆಬ್ಬಾವು ಸಜ್ಜನ. ತುಟಿಯ ಅಂಚಿನ ಕುಳಿಗಳಿಂದ ಕೋಳಿಯ ಮೈಬಿಸಿ ಹಿಡಿದು ಬರುತ್ತದೆ, ನುಂಗುತ್ತದೆ, ಬಂದ ಸಂದಿಯಲ್ಲಿ ಹೊಟ್ಟೆ ಹಿಡಿಸದೆ ಬೆಳಗಿನವರೆಗೆ ಅಲ್ಲೇ ಬಿದ್ದಿರುತ್ತದೆ. ಹೊಡೆಯಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಅರಣ್ಯ ಇಲಾಖೆಗೋ ಹಾವು ಹಿಡಿಯುವವರಿಗೋ ಫೋನ್ ಮಾಡಿದರಾಯಿತು.

ಹೊಸ ಗೂಡಿಗೆ ಈ ಸಲ ಮುರಕಲ್ಲಿನ ತಳ ಕಟ್ಟಿಸಿ ಸಂದಿಗಳಿಗೆ ಸಿಮೆಂಟು ಬಳಿಸಿದೆ. ಅಂಗಡಿಯವರು ಕೋಳಿಬಲೆ ಎಂದು ಕೊಡುವ ಆರುಮೂಲೆ ಕಣ್ಣಿನ ತಂತಿ ಕೋಳಿಯನ್ನು ಒಳಗಿಡುತ್ತದೆ, ಅಷ್ಟೇ ಅದರ ಯೋಗ್ಯತೆ. ಹೊರಗಿನ ಹಲ್ಲು ತಡೆಯಲು ಬೆಸೆದ ಅರ್ಧ ಇಂಚಿನ ಜಾಲರಿಯೇ ಬೇಕು. ಅದರಲ್ಲಿ ಕೋಳಿ ನುಂಗುವಷ್ಟು ದೊಡ್ಡ ಹಾವು ನುಗ್ಗುವುದು ಕಷ್ಟ. ಕಡಲ ಉಪ್ಪುಗಾಳಿಗೆ ಸತುವಿನ ಲೇಪವೂ ಬೇಗ ಸೋಲುತ್ತದೆ. ಹಾಗಾಗಿ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವ ದಿನವೇ ಜಾಲರಿಯನ್ನೂ ಎಳೆದು ನೋಡುವುದೆಂದು ಇಟ್ಟುಕೊಂಡಿದ್ದೇನೆ.

ಆ ರಾತ್ರಿ ಉಳಿದದ್ದು ಗೂಡಿಗೆ ಬರಲೊಪ್ಪದೆ ಹಲಸಿನ ಮರ ಹತ್ತುತ್ತಿದ್ದ ಬಿಳಿ ಹೇಂಟೆ, ಮತ್ತು ಅದರ ಹಿಂದೆ ಹೋಗಿದ್ದ ಹುಂಜ. ಹೊಸ ಗೂಡಿಗೆ ಹುಂಜ ಒಗ್ಗಿಕೊಂಡಿದೆ. ಬಿಳಿಯದು ಈಗಲೂ ಆರೂವರೆಗೆ ಎರಡನೇ ಕವಲಿನಲ್ಲಿ ಕೂತು, ಕೆಳಗೆ ಅಕ್ಕಿ ಹಿಡಿದು ಬಾ ಬಾ ಎನ್ನುವ ನನ್ನನ್ನು ಕತ್ತು ಓರೆ ಮಾಡಿ ಎಡಗಣ್ಣಲ್ಲಿ ನೋಡುತ್ತಿರುತ್ತದೆ.