ಕಂಟೇನರ್: ಕರ್ನಲ್ ಯಾರದ್ದು?

ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಲಿನಕ್ಸ್ ಕರ್ನಲ್‌ನಲ್ಲಿ ಹುಡುಕಿದರೆ ಕಂಟೇನರ್ ಎಂಬ ಒಂದು ವಸ್ತು ಸಿಗುವುದಿಲ್ಲ. ಅಲ್ಲಿ ಇರುವುದು ಪ್ರೊಸೆಸ್‌ಗಳು, ಅಂದರೆ ಓಡುತ್ತಿರುವ ಪ್ರೋಗ್ರಾಂಗಳು. ಒಂದು ಪ್ರೊಸೆಸ್‌ಗೆ ಏನೇನು ಕಾಣಬೇಕು ಎಂಬುದನ್ನು ನೇಮ್‌ಸ್ಪೇಸ್ ತೀರ್ಮಾನಿಸುತ್ತದೆ. ಅದು ಎಷ್ಟು ಮೆಮೊರಿ, ಎಷ್ಟು ಸಿಪಿಯು ಬಳಸಬಹುದು ಎಂಬುದಕ್ಕೆ ಸಿಗ್ರೂಪ್ ಮಿತಿ ಹಾಕುತ್ತದೆ. ಅದಕ್ಕೆ ಬೇಕಾದ ಫೈಲು, ಲೈಬ್ರರಿಗಳೆಲ್ಲ ಒಂದು ಇಮೇಜ್‌ನಿಂದ ಬರುತ್ತವೆ. ಈ ಮೂರನ್ನೂ ಹೊಂದಿಸಿಕೊಂಡು ಓಡುವ ಪ್ರೊಸೆಸ್‌ಗೆ ಕಂಟೇನರ್ ಎನ್ನುತ್ತೇವೆ. ಇದು ಮನಸ್ಸಿನಲ್ಲಿದ್ದರೆ ಡಾಕರ್, ಪಾಡ್‌ಮ್ಯಾನ್, ಎಲ್‌ಎಕ್ಸ್‌ಸಿ, ಕಾಟಾ ಎಂಬ ಕಂಟೇನರ್ ಉಪಕರಣಗಳ ಹೆಸರುಗಳ ಗದ್ದಲದಲ್ಲಿ ಯಾವುದು ಯಾವುದಕ್ಕೆ ಎಂದು ಬೇಗ ತಿಳಿಯುತ್ತದೆ.

ವರ್ಚುವಲ್ ಮಷೀನ್‌ನ (ವಿಎಂ) ದಾರಿ ಬೇರೆ. ಅಲ್ಲಿ ಹೈಪರ್‌ವೈಸರ್ ಎಂಬ ಸಾಫ್ಟ್‌ವೇರ್ ಒಂದು ಇಡೀ ಯಂತ್ರವನ್ನೇ ಅನುಕರಿಸಿ ತೋರಿಸುತ್ತದೆ. ಅದರೊಳಗೆ ಇನ್ನೊಂದು ಕರ್ನಲ್ ಬೂಟ್ ಆಗಿ, ಅದರ ಮೇಲೆ ನಮ್ಮ ಸಾಫ್ಟ್‌ವೇರ್ ಓಡುತ್ತದೆ. ಕಂಟೇನರ್‌ಗೆ ಸ್ವಂತ ಕರ್ನಲ್ ಇಲ್ಲ, ಅದು ಓಡುವ ಯಂತ್ರದ, ಅಂದರೆ ಹೋಸ್ಟ್‌ನ, ಕರ್ನಲ್ಲೇ ಅದಕ್ಕೂ ಕರ್ನಲ್. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಅದು ಶುರುವಾಗುವುದು ಇದರಿಂದಲೇ. ಲಿನಕ್ಸ್ ಕಂಟೇನರ್‌ಗೆ ಲಿನಕ್ಸ್ ಕರ್ನಲ್ಲೇ ಬೇಕಾಗುವುದೂ ಇದರಿಂದಲೇ. ಮ್ಯಾಕ್‌ನಲ್ಲಿ ಡಾಕರ್ ಓಡಿಸುವವರ ಯಂತ್ರದಲ್ಲಿ ತೆರೆಮರೆಯಲ್ಲಿ ಒಂದು ಲಿನಕ್ಸ್ ವಿಎಂ ಓಡುತ್ತಿರುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ಕಂಟೇನರ್ ಒಳಗೆ, ಪ್ರೊಸೆಸ್‌ಗಳ ಪಟ್ಟಿ ತೋರಿಸುವ ಪಿಎಸ್ ಕಮಾಂಡ್ ಕೊಟ್ಟರೆ ನಿಮ್ಮ ಅಪ್ಲಿಕೇಶನ್‌ನ ಪ್ರೊಸೆಸ್ ಸಂಖ್ಯೆ 1 ಎಂದು ಬರುತ್ತದೆ, ಯಂತ್ರದಲ್ಲಿ ಅದೊಂದೇ ಇದ್ದ ಹಾಗೆ. ಹೋಸ್ಟ್‌ಗೆ ಬಂದು ಅದೇ ಕಮಾಂಡ್ ಕೊಡಿ, ಅದೇ ಪ್ರೊಸೆಸ್ 48213 ಎಂಬಂಥ ಯಾವುದೋ ದೊಡ್ಡ ಸಂಖ್ಯೆಯಲ್ಲಿ, ಉಳಿದ ಪ್ರೊಸೆಸ್‌ಗಳ ಸಾಲಿನಲ್ಲೇ ಕಾಣುತ್ತದೆ.

ಈಗ ಮೆಮೊರಿ ನೋಡೋಣ. 64 ಜಿಬಿ ಇರುವ ಸರ್ವರ್‌ನಲ್ಲಿ ಒಂದು ಡಾಕರ್ ಕಂಟೇನರ್‌ಗೆ 512 ಎಂಬಿ ಮಿತಿ ಹಾಕಿ, ಒಳಗೆ ಹೋಗಿ ಫ್ರೀ ಎಂಬ ಕಮಾಂಡ್ ಕೊಟ್ಟರೆ ಅದು 64 ಜಿಬಿ ಎಂದೇ ಹೇಳುತ್ತದೆ. ಮೆಮೊರಿಯ ಲೆಕ್ಕ ಕೊಡುವ ಫೈಲ್‌ಗೆ ಸಿಗ್ರೂಪ್‌ನ ಮಿತಿ ಗೊತ್ತಿಲ್ಲ. ಹಳೆಯ ಜಾವಾ ಇದನ್ನು ನಂಬಿ ಕೆಡುತ್ತಿತ್ತು: ಕಾಣುವ ಮೆಮೊರಿಯ ಕಾಲು ಭಾಗ, ಅಂದರೆ 16 ಜಿಬಿ ತನ್ನದೆಂದುಕೊಂಡು ಬೆಳೆಯಲು ಹೋಗುತ್ತಿತ್ತು, ಮಿತಿ ದಾಟಿದ ಕೂಡಲೇ ಕರ್ನಲ್ ಅದನ್ನು ಕೊಲ್ಲುತ್ತಿತ್ತು. ಲಾಗ್‌ನಲ್ಲಿ ಉಳಿಯುತ್ತಿದ್ದದ್ದು 137 ಎಂಬ ಎಕ್ಸಿಟ್ ಕೋಡ್ ಮಾತ್ರ. ಜಾವಾ 10ರಿಂದ ಅದು ಕಂಟೇನರ್‌ನ ಮಿತಿಯನ್ನು ತಾನೇ ಓದಿಕೊಳ್ಳುತ್ತದೆ. ಆದರೆ 137 ಕಂಡಾಗ ಮೊದಲು ಮೆಮೊರಿ ಮಿತಿಯನ್ನು ನೋಡುವ ಅಭ್ಯಾಸ ಇಂದಿಗೂ ಒಳ್ಳೆಯದು.

ಎಲ್‌ಎಕ್ಸ್‌ಸಿಯ ಲೋಕದಲ್ಲಿ ಇದಕ್ಕೆ ಎಲ್‌ಎಕ್ಸ್‌ಸಿಎಫ್‌ಎಸ್ ಎಂಬ ಪರಿಹಾರವಿದೆ. ಅದು ಫ್ರೀ ಕಮಾಂಡ್‌ಗೂ 512 ಎಂದೇ ತೋರಿಸುತ್ತದೆ. ಇಷ್ಟು ಮುತುವರ್ಜಿ ಯಾಕೆಂದರೆ, ಎಲ್‌ಎಕ್ಸ್‌ಸಿ ಇರುವುದು ಇಡೀ ಸಿಸ್ಟಮ್ ಓಡಿಸಲು. ಅದರಲ್ಲಿ ಇನಿಟ್, ಎಸ್‌ಎಸ್‌ಎಚ್, ಕ್ರಾನ್ ಮುಂತಾದ ಸಿಸ್ಟಮ್ ಸೇವೆಗಳೆಲ್ಲ ಇರುತ್ತವೆ. ಲಾಗಿನ್ ಆಗಿ ಪ್ಯಾಕೇಜ್ ಹಾಕಬಹುದು, ವರ್ಷಗಟ್ಟಲೆ ಓಡಿಸಬಹುದು. ಡಾಕರ್ ಶೈಲಿಯಲ್ಲಿ ಒಂದು ಕಂಟೇನರ್‌ಗೆ ಒಂದು ಕೆಲಸ. ಬದಲಾವಣೆ ಬೇಕಿದ್ದರೆ ರಿಪೇರಿ ಮಾಡುವುದಿಲ್ಲ, ಹೊಸ ಇಮೇಜ್ ಕಟ್ಟಿ ಹಳೆಯದನ್ನು ತೆಗೆದುಹಾಕುತ್ತಾರೆ. ಹಳೆಯ ವಿಎಂ ಒಂದನ್ನು ಹಾಗೇ ಹಗುರ ಮಾಡಿಕೊಳ್ಳಬೇಕಾದಾಗ ಡಾಕರ್ ಜೊತೆ ಗುದ್ದಾಡುವುದು ವ್ಯರ್ಥ. ಎಲ್‌ಎಕ್ಸ್‌ಸಿ ಅದಕ್ಕೆಂದೇ ಇದೆ.

ಪ್ರತ್ಯೇಕವಾಗಿ ಓಡಿಸುವ ಯೋಚನೆ ಹಳೆಯದು. 1979ರ ಯೂನಿಕ್ಸ್ ಏಳನೆಯ ಆವೃತ್ತಿಯಲ್ಲೇ ಸಿಎಚ್‌ರೂಟ್ ಇತ್ತು, 2000ದಲ್ಲಿ ಫ್ರೀಬಿಎಸ್‌ಡಿಯ ಜೈಲ್ ಬಂತು, ಆಮೇಲೆ ಸೋಲಾರಿಸ್‌ನ ಜೋನ್‌ಗಳು. 2008ರಲ್ಲಿ ಸಿಗ್ರೂಪ್ ಲಿನಕ್ಸ್ 2.6.24ಕ್ಕೆ ಸೇರಿತು, ಅದೇ ವರ್ಷ ಎಲ್‌ಎಕ್ಸ್‌ಸಿಯೂ ಬಂತು. 2013ರಲ್ಲಿ ಹೊರಬಂದ ಡಾಕರ್ ಮೊದಮೊದಲು ಬಳಸಿದ್ದು ಇದೇ ಎಲ್‌ಎಕ್ಸ್‌ಸಿಯನ್ನು. ಡಾಕರ್‌ನ ನಿಜವಾದ ಕೊಡುಗೆ ಇಮೇಜ್ ಎಂದೇ ನನ್ನ ಅಭಿಪ್ರಾಯ. ಒಂದು ಡಾಕರ್‌ಫೈಲ್ ಬರೆದರೆ ಪದರ ಪದರವಾಗಿ ಇಮೇಜ್ ಸಿದ್ಧವಾಗುತ್ತದೆ, ಇಮೇಜ್‌ಗಳ ಉಗ್ರಾಣವಾದ ರಿಜಿಸ್ಟ್ರಿಗೆ ಹೋಗುತ್ತದೆ, ಯಾವ ಸರ್ವರ್‌ನಲ್ಲಿ ಇಳಿಸಿಕೊಂಡರೂ ಅದೇ ಫೈಲುಗಳು. ಒಂದೇ ಇಮೇಜ್‌ನಿಂದ ಹತ್ತು ಕಂಟೇನರ್ ಶುರು ಮಾಡಿದರೂ ಕೆಳಗಿನ ಪದರಗಳು ಡಿಸ್ಕ್‌ನಲ್ಲಿ ಒಮ್ಮೆ ಮಾತ್ರ ಇರುತ್ತವೆ. ಒಂದೊಂದು ಕಂಟೇನರ್‌ಗೂ ಮೇಲೆ ಬರೆಯಲು ತನ್ನದೇ ತೆಳು ಪದರ ಸಿಗುತ್ತದೆ. ಕಂಟೇನರ್ ಅಳಿಸಿದರೆ ಆ ಪದರವೂ ಹೋಯಿತು. ಹಾಗಾಗಿ ಡೇಟಾಬೇಸ್‌ನ ಫೈಲುಗಳನ್ನು ಕಂಟೇನರ್‌ನ ಹೊರಗೆ ಉಳಿಯುವ ವಾಲ್ಯೂಮ್‌ನಲ್ಲೇ ಇಡಬೇಕು.

ಡಾಕರ್‌ಗೂ ಪಾಡ್‌ಮ್ಯಾನ್‌ಗೂ ಇರುವ ಮುಖ್ಯ ವ್ಯತ್ಯಾಸ, ಕಂಟೇನರ್ ಶುರು ಮಾಡುವವರು ಯಾರು ಎಂಬುದರಲ್ಲಿದೆ. ಡಾಕರ್‌ನಲ್ಲಿ ಸಾಮಾನ್ಯವಾಗಿ ರೂಟ್ (ಎಲ್ಲ ಅಧಿಕಾರವೂ ಇರುವ ಬಳಕೆದಾರ) ಅಧಿಕಾರದ ಒಂದು ಡೀಮನ್, ಅಂದರೆ ಹಿನ್ನೆಲೆಯ ಪ್ರೋಗ್ರಾಂ, ಸದಾ ಓಡುತ್ತಿರುತ್ತದೆ. ಅದಕ್ಕೆ ಆಜ್ಞೆ ಕೊಡುವ ಬಾಗಿಲಾದ ಸಾಕೆಟ್ ಕೈಗೆ ಸಿಕ್ಕವರಿಗೆ ಸರ್ವರ್‌ನ ರೂಟ್ ಸಿಕ್ಕ ಹಾಗೆಯೇ. ಯಾರನ್ನಾದರೂ ಡಾಕರ್ ಗ್ರೂಪ್‌ಗೆ ಸೇರಿಸುವ ಮುನ್ನ ಇದನ್ನು ಯೋಚಿಸಲೇಬೇಕು. ಪಾಡ್‌ಮ್ಯಾನ್‌ಗೆ ಅಂಥ ಡೀಮನ್ ಇಲ್ಲ, ಸಾಮಾನ್ಯ ಬಳಕೆದಾರರೇ ಕಂಟೇನರ್ ಓಡಿಸಬಹುದು. ಒಳಗೆ ರೂಟ್ ಎನಿಸಿಕೊಂಡದ್ದು ಹೊರಗೆ ಅದೇ ಸಾಮಾನ್ಯ ಬಳಕೆದಾರ. ಡಾಕರ್‌ನಲ್ಲೂ ರೂಟ್‌ಲೆಸ್ ಸೌಲಭ್ಯ ಈಗ ಇದೆ, ಆದರೆ ಅದನ್ನು ನಾವೇ ಹೊಂದಿಸಿಕೊಳ್ಳಬೇಕು. ಇಮೇಜ್ ವಿಷಯದಲ್ಲಿ ಇಬ್ಬರದೂ ಒಂದೇ ಮಾನದಂಡ, 2015ರಲ್ಲಿ ಶುರುವಾದ ಒಸಿಐನದು (ಓಪನ್ ಕಂಟೇನರ್ ಇನಿಶಿಯೇಟಿವ್). 2022ರಲ್ಲಿ, ಅನೇಕ ಸರ್ವರ್‌ಗಳ ಮೇಲೆ ಕಂಟೇನರ್‌ಗಳನ್ನು ನಿರ್ವಹಿಸುವ ಕುಬರ್ನೆಟೀಸ್‌ನ 1.24 ಆವೃತ್ತಿ ಡಾಕರ್‌ಗಾಗಿ ಇಟ್ಟುಕೊಂಡಿದ್ದ ಜೋಡಣೆಯನ್ನು ತೆಗೆದುಹಾಕಿದಾಗ ಡಾಕರ್‌ನಲ್ಲಿ ಕಟ್ಟಿದ ಇಮೇಜ್‌ಗಳು ಕಂಟೇನರ್ ಓಡಿಸುವ ಇನ್ನೊಂದು ಸಾಫ್ಟ್‌ವೇರ್ ಆದ ಕಂಟೇನರ್‌ಡಿ ಮೇಲೆ ಎಂದಿನಂತೆ ಓಡಿದವು.

ಕರ್ನಲ್ ಒಂದೇ ಎಂಬುದಕ್ಕೆ ಬೆಲೆಯೂ ಇದೆ. ಕರ್ನಲ್‌ನಲ್ಲೋ ಕಂಟೇನರ್ ಹುಟ್ಟುಹಾಕುವ ರನ್‌ಟೈಮ್‌ನಲ್ಲೋ ಬಿರುಕಿದ್ದರೆ ಒಳಗಿನವರು ಹೊರಗೆ ಬರಬಹುದು. 2019ರ ಫೆಬ್ರವರಿಯಲ್ಲಿ ಬಯಲಾದ, ರನ್‌ಸಿ ಎಂಬ ರನ್‌ಟೈಮ್‌ನ ದೋಷ ಅಂಥದ್ದು: ದುರುದ್ದೇಶದ ಕಂಟೇನರ್ ಒಂದು ಹೋಸ್ಟ್‌ನ ರನ್‌ಸಿ ಫೈಲನ್ನೇ ತಿದ್ದಿ ಬರೆದು ರೂಟ್ ಆಗಬಹುದಿತ್ತು. ಅಪರಿಚಿತರ ಕೋಡ್ ಓಡಿಸುವವರಿಗೆ ಎರಡು ದಾರಿಗಳಿವೆ. ಗೂಗಲ್‌ನ ಜಿವೈಸರ್ ಕಂಟೇನರ್‌ನ ಸಿಸ್ಟಮ್ ಕಾಲ್‌ಗಳನ್ನು (ಕರ್ನಲ್‌ಗೆ ಅದು ಸಲ್ಲಿಸುವ ಕೋರಿಕೆಗಳನ್ನು) ನಡುವೆಯೇ ತಡೆದು, ಗೋ ಭಾಷೆಯಲ್ಲಿ ಬರೆದ ತನ್ನದೇ ಕರ್ನಲ್‌ನಲ್ಲಿ ನಿಭಾಯಿಸುತ್ತದೆ. ಸಿಸ್ಟಮ್ ಕಾಲ್ ಹೆಚ್ಚಿರುವ ಕೆಲಸ ಅದರಲ್ಲಿ ನಿಧಾನವಾಗುತ್ತದೆ. ಕಾಟಾ ಹಗುರವಾದ ವಿಎಂ ಎಬ್ಬಿಸಿ ಅದರೊಳಗೆ ಕಂಟೇನರ್ ಇಡುತ್ತದೆ. ಅಮೆಜಾನ್‌ನ ಫೈರ್‌ಕ್ರಾಕರ್ ಕೂಡ ಇದೇ ಜಾಡಿನದು, ಅದರ ಪುಟ್ಟ ವಿಎಂ ಸುಮಾರು 125 ಮಿಲಿಸೆಕೆಂಡಿನಲ್ಲಿ ಎದ್ದು ನಿಲ್ಲುತ್ತದೆ. ಕುಬರ್ನೆಟೀಸ್‌ನಲ್ಲಿ ರನ್‌ಟೈಮ್ ಆರಿಸಲು ಇರುವ ರನ್‌ಟೈಮ್‌ಕ್ಲಾಸ್ ಬಳಸಿದರೆ ಒಂದೇ ಕ್ಲಸ್ಟರ್‌ನಲ್ಲಿ ನಮ್ಮ ಸ್ವಂತ ಸೇವೆಗಳನ್ನು ರನ್‌ಸಿ ಮೇಲೂ, ಬಳಕೆದಾರರು ಕಳಿಸಿದ ಕೋಡನ್ನು ಜಿವೈಸರ್ ಅಥವಾ ಕಾಟಾ ಮೇಲೂ ಓಡಿಸಬಹುದು.