ಟ್ರಯಥ್ಲಾನ್ ಸೈಕಲ್ಲಿನ ಕಾಕ್‌ಪಿಟ್ ಹೊಂದಿಸುವುದು: ಬಳ್ಳಾರಿ–ಕೊಪ್ಪಳ ರಸ್ತೆಗೆ ತಕ್ಕಂತೆ

ಕಾಕ್‌ಪಿಟ್ ಅಂದರೆ ಬೇಸ್ ಬಾರ್ (ಎರಡು ಬದಿಗೂ ಚಾಚಿದ, ಬ್ರೇಕ್ ಇರುವ ಹ್ಯಾಂಡಲ್), ಮುಂಗೈ ಊರುವ ಪ್ಯಾಡ್, ಮುಂದಕ್ಕೆ ಚಾಚಿದ ಎಕ್ಸ್‌ಟೆನ್ಷನ್, ಹ್ಯಾಂಡಲ್ಲನ್ನು ಸೈಕಲ್ಲಿಗೆ ಕೂಡಿಸುವ ಸ್ಟೆಮ್, ಎತ್ತರಿಸಲು ನಡುವೆ ಇಡುವ ಸ್ಪೇಸರ್ ಎಲ್ಲ ಸೇರಿ. ಇಲ್ಲಿ ಏನೇ ತಿರುಗಿಸಿದರೂ ಗುರಿ ಒಂದೇ: ಮೈಭಾರ ಮೇಲ್ದೋಳಿನ ಮೂಳೆಯ ಮೂಲಕ ನೇರ ಪ್ಯಾಡಿಗೆ ಇಳಿಯಬೇಕು. ಆ ಭಾರವನ್ನು ಭುಜದ ಸ್ನಾಯು ಹಿಡಿದಿದ್ದರೆ 40 ಕಿ.ಮೀ. ಹೇಗೋ ಸಾಗುತ್ತದೆ, 90ಕ್ಕೆ ಕುತ್ತಿಗೆ ಹಿಡಿಯುತ್ತದೆ, 180ರ ಹಾದಿಯಲ್ಲಿ ಅರ್ಧಕ್ಕೇ ಎದ್ದು ಕೂರಬೇಕಾಗುತ್ತದೆ.

ಮೊದಲು ಸೀಟು, ಆಮೇಲೆ ಮುಂಭಾಗ. ಸೈಕಲ್ಲನ್ನು ಟ್ರೇನರ್ (ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೆ ಹಾಕಿದಾಗ ಹಿಂದಿನ ಗಾಲಿ ಸ್ವಲ್ಪ ಎತ್ತರಕ್ಕೆ ಬರುತ್ತದೆ. ಮುಂದಿನ ಗಾಲಿಗೆ ಹಲಗೆ ಕೊಟ್ಟು, ಗಾರೆ ಕೆಲಸದ ರಸಮಟ್ಟ ಇಟ್ಟು ನೋಡಿ. ಇದನ್ನು ಬಿಟ್ಟರೆ ಮುಂದಿನ ಅಳತೆಯೆಲ್ಲ ತಪ್ಪು. ಸೀಟನ್ನು 10 ಮಿ.ಮೀ. ಮುಂದೆ ತಂದರೆ ಪೆಡಲಿಗೆ ದೂರ ಕಡಿಮೆಯಾಗುತ್ತದೆ, ಹಾಗಾಗಿ ಎರಡು ಮೂರು ಮಿ.ಮೀ. ಎತ್ತರಿಸಿ, ಪ್ಯಾಡ್‌ಗಳನ್ನೂ ಅಷ್ಟೇ 10 ಮಿ.ಮೀ. ಮುಂದೆ ಸರಿಸಿ.

ಬಿಚ್ಚುವ ಮೊದಲು ಐದು ಅಳತೆ ಬರೆದಿಡಿ: ಸೀಟಿನ ಮೂತಿಯಿಂದ ಪ್ಯಾಡಿನ ಹಿಂದಿನ ಅಂಚು, ನೆಲದಿಂದ ಸೀಟು ಮತ್ತು ನೆಲದಿಂದ ಪ್ಯಾಡು, ಎರಡು ಪ್ಯಾಡುಗಳ ನಡುವಿನ ಅಂತರ, ಪ್ಯಾಡಿನಿಂದ ಎಕ್ಸ್‌ಟೆನ್ಷನ್ ತುದಿ. ಒಂದು ಸಲಕ್ಕೆ ಒಂದನ್ನೇ, 5ರಿಂದ 10 ಮಿ.ಮೀ. ಮಾತ್ರ ಬದಲಿಸಿ. ಎರಡನ್ನು ಒಟ್ಟಿಗೆ ಮುಟ್ಟಿದರೆ ನೋವು ಯಾವುದರಿಂದ ಬಂತೆಂದು ತಿಳಿಯುವುದಿಲ್ಲ.

ಪ್ಯಾಡು ತಾಗಬೇಕಾದ್ದು ಮೊಣಕೈ ಗಂಟಿಗಲ್ಲ, ಅದಕ್ಕಿಂತ ಮುಂದಿನ ಮಾಂಸಲ ಭಾಗಕ್ಕೆ. ಪಕ್ಕದಿಂದ ಫೋಟೊ ತೆಗೆದು ನೋಡಿ. ಮೊಣಕೈ ಭುಜದ ಕೆಳಗೆ, ಸ್ವಲ್ಪವೇ ಮುಂದಿರಬೇಕು. ಬಹಳ ಮುಂದಿದ್ದರೆ ಭುಜ ಉರಿಯುತ್ತದೆ, ಸೀಟಿನ ಮೂತಿಗೆ ಜಾರುತ್ತಲೇ ಇರುತ್ತೀರಿ. ಎಷ್ಟೋ ಜನ ಇದಕ್ಕೆ ಸೀಟೇ ಸರಿಯಿಲ್ಲವೆಂದು ಹೊಸದು ಕೊಳ್ಳುತ್ತಾರೆ. ಪ್ಯಾಡು ಸೀಟಿಗಿಂತ ತೀರ ಕೆಳಗಿದ್ದರೆ ಪೆಡಲ್ ಮೇಲೆ ಬಂದಾಗ ತೊಡೆ ಹೊಟ್ಟೆಗೆ ಒತ್ತಿ ಉಸಿರು ಕಟ್ಟುತ್ತದೆ. ಹೊಸಬರು 5 ಸೆಂ.ಮೀ. ಇಳಿತದಿಂದ ಶುರುಮಾಡಲಿ.

ಎಕ್ಸ್‌ಟೆನ್ಷನ್ ತುದಿ 10ರಿಂದ 15 ಡಿಗ್ರಿ ಮೇಲಕ್ಕೆ ವಾಲಿದ್ದರೆ ಮೈ ಮುಂದಕ್ಕೆ ಜಾರುವುದು ತಗ್ಗುತ್ತದೆ. ಆದರೆ ಪ್ಯಾಡನ್ನೂ ಅದೇ ಕೋನಕ್ಕೆ ತಿರುಗಿಸಬೇಕು, ಇಲ್ಲದಿದ್ದರೆ ಅದರ ಒಂದೇ ಅಂಚು ಮುಂಗೈಗೆ ಕೊರೆಯುತ್ತದೆ. ಉದ್ದ ಹೆಚ್ಚಾಯಿತೆಂದು ಕೊಂಡ ದಿನವೇ ಕತ್ತರಿಸಬೇಡಿ. ಎರಡು ಮೂರು ವಾರ ಓಡಿಸಿ, ಮಣಿಕಟ್ಟು ನೇರವಿದ್ದೇ ಗೇರ್ ಗುಂಡಿ ಬೆರಳಿಗೆ ಸಿಗುತ್ತದೆಯೇ ನೋಡಿ. ಕತ್ತರಿಸುವುದು ಹಿಂದಿನ ತುದಿಯನ್ನು, ಅದೂ ಒಳಗಿನ ವೈರ್ ಎಳೆದು ತೆಗೆದ ಮೇಲೆ. ಕಾರ್ಬನ್ ಆದರೆ ಟೇಪ್ ಸುತ್ತಿ, ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡ್ ಹಾಕಿ, ನೀರು ಚಿಮುಕಿಸುತ್ತ ಕೊಯ್ಯಿರಿ. ಆ ಪುಡಿ ಮೂಗಿಗೆ ಹೋಗಬಾರದು, ಮಾಸ್ಕ್ ಬೇಕೇ ಬೇಕು.

ಹೆಚ್ಚು ಕೆಡುವುದು ಬೋಲ್ಟಿನಲ್ಲಿ. ಪ್ಯಾಡಿನ ಕೆಳಗೆ 20 ಮಿ.ಮೀ. ಸ್ಪೇಸರ್ ಸೇರಿಸಿದರೆ ಬೋಲ್ಟೂ ಮೊದಲಿನದಕ್ಕಿಂತ 20 ಮಿ.ಮೀ. ಹೆಚ್ಚು ಉದ್ದದ್ದೇ ಬೇಕು. ಗಿಡ್ಡದಾದರೆ ಎರಡು ಮೂರು ಸುತ್ತು ಮಾತ್ರ ಕಚ್ಚಿ, ರಸ್ತೆಯ ಒಂದು ಗುಂಡಿಗೆ ಇಳಿದಾಗ ಮರೆ (ಬೋಲ್ಟಿನ ತಿರುಪಿನ ಗೆರೆ) ಕಿತ್ತು ಬರುತ್ತದೆ. ಉದ್ದವಾದರೆ ಇನ್ನೂ ಮೋಸ: ತುದಿ ತಳಕ್ಕೆ ತಾಗಿ ಕೈಗೆ ಬಿಗಿಯೆನಿಸುತ್ತದೆ, ಪ್ಯಾಡು ಮಾತ್ರ ಅಲುಗಾಡುತ್ತಿರುತ್ತದೆ. ಟಾರ್ಕ್ (ಬೋಲ್ಟ್ ಬಿಗಿಯುವ ತಿರುಚು ಬಲ) ಎಷ್ಟೆಂದು ಭಾಗದ ಮೇಲೇ ಬರೆದಿರುತ್ತದೆ, ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಆಸುಪಾಸು. ಕಾರ್ಬನ್ ಭಾಗ ಹಿಡಿಯುವ ಕಡೆ ಗ್ರೀಸ್ ಬೇಡ, ಜಾರದಂತೆ ತಡೆಯುವ ಕಾರ್ಬನ್ ಪೇಸ್ಟ್ ಹಚ್ಚಿ. ಬಿಗಿದ ಮೇಲೆ ಮುಂದಿನ ಬ್ರೇಕ್ ಹಿಡಿದು ಪ್ಯಾಡುಗಳ ಮೇಲೆ ಮೈಭಾರ ಹಾಕಿ ಒತ್ತಿ. ಜಾರುವುದಿದ್ದರೆ ಮನೆಯಲ್ಲೇ ಜಾರಲಿ.

ಸ್ಟೆಮ್ ಎತ್ತರಿಸಿದರೆ ಬ್ರೇಕ್ ಕೇಬಲ್ಲನ್ನೂ ನೋಡಬೇಕು. ಹ್ಯಾಂಡಲ್ಲನ್ನು ಎಡಬಲ ಪೂರ್ತಿ ತಿರುಗಿಸಿದಾಗ ಎಲ್ಲೂ ಎಳೆಯಬಾರದು.

ನಮ್ಮ ಕಡೆಗೆ ಬೇಕಾದ ಮಾತು ಇನ್ನೆರಡು. ಏಪ್ರಿಲ್–ಮೇ ಬಿಸಿಲಲ್ಲಿ ಬೆವರು ನೇರ ಸ್ಟೆಮ್ ಬೋಲ್ಟಿನ ಮೇಲೇ ತೊಟ್ಟಿಕ್ಕಿ, ಉಪ್ಪು ಕಟ್ಟಿ, ತುಕ್ಕು ಹಿಡಿಸುತ್ತದೆ. ತಿಂಗಳಿಗೊಮ್ಮೆ ಬಿಚ್ಚಿ ಒರೆಸಿ, ಮರೆಗೆ ಮಾತ್ರ ಗ್ರೀಸ್ ಹಚ್ಚಿ. ಇನ್ನೊಂದು ಗಾಳಿ. ಗಾಳಿಗಿರಣಿ ನಿಂತಿರುವ ಕುಷ್ಟಗಿ, ಯಲಬುರ್ಗಾ ಬಯಲಲ್ಲಿ ಅಡ್ಡಗಾಳಿ ಬೀಸುವಾಗ, ತೋರಣಗಲ್ಲು ರಸ್ತೆಯಲ್ಲಿ ಅದಿರು ಲಾರಿ ದಾಟುವಾಗ, ಪ್ಯಾಡುಗಳು ತೀರ ಹತ್ತಿರವಿದ್ದರೆ ಹ್ಯಾಂಡಲ್ ನಿಲ್ಲುವುದಿಲ್ಲ. ಅಗಲವಾಗಿಟ್ಟು ಶುರುಮಾಡಿ, ರೂಢಿಯಾದಂತೆ ಒಳಕ್ಕೆ ತನ್ನಿ. ಬ್ರೇಕ್ ಇರುವುದು ಬೇಸ್ ಬಾರಿನಲ್ಲಿ. ಲಾರಿಯ ಸದ್ದು ಕೇಳಿದೊಡನೆ ಕೈ ಅಲ್ಲಿಗೆ ಬರಲಿ. ತೋಳಿನ ನಡುವೆ 750 ಮಿ.ಲೀ. ಬಾಟಲಿ ಕಟ್ಟುವವರು ಹಳೆಯ ಟ್ಯೂಬಿನ ಪಟ್ಟಿ ಬಿಗಿದುಕೊಳ್ಳಿ, ಕಿತ್ತ ಡಾಂಬರಿನಲ್ಲಿ ಬಾಟಲಿ ಹಾರುತ್ತದೆ.

ಎಲ್ಲ ಹೊಂದಿದ ಮೇಲೆ ಎಕ್ಸ್‌ಟೆನ್ಷನ್ ಮತ್ತು ಅದರ ಹಿಡಿತ ಕೂಡುವಲ್ಲಿ ಬಿಳಿ ನೇಲ್ ಪಾಲಿಶಿನ ಸಣ್ಣ ಗೆರೆ ಎಳೆಯಿರಿ. ಗೆರೆ ತುಂಡಾಗಿ ಕಂಡರೆ ಬಾರ್ ಜಾರಿದೆ ಎಂದರ್ಥ. ಸ್ಪರ್ಧೆಗೆಂದು ಬಿಚ್ಚಿ ಪೆಟ್ಟಿಗೆಗೆ ಹಾಕಿದರೂ, ಜೋಡಿಸುವಾಗ ಅದೇ ಗೆರೆಗೆ ತಂದು ನಿಲ್ಲಿಸಬಹುದು.